ಕಡಲತಳದ ‘ವೆಂಟ್’ ಅಂದರೆ ಬುಗ್ಗೆಯೇ? ಬಾಯಿಲ್ಲದ ಹುಳು ‘ತಿನ್ನುತ್ತದೆ’ ಎನ್ನಬಹುದೇ?

ಗೆಳೆಯರೇ,

ಆಳಕಡಲಿನ ಹೈಡ್ರೋಥರ್ಮಲ್ ವೆಂಟ್‌ಗಳ (ಕಡಲತಳದ ಬಿರುಕುಗಳಿಂದ ಕಾದ ನೀರು ಉಕ್ಕುವ ಜಾಗಗಳ) ಸುತ್ತ ಬದುಕುವ ಜೀವಿಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಪದ ಸಿಗದೆ ನಿಂತಿದ್ದೇನೆ.

ಸಂಸ್ಕೃತದ ದಾರಿ ಹಿಡಿದರೆ ‘ಜಲೋಷ್ಣ ರಂಧ್ರ’ ಆಗುತ್ತದೆ. ಓದಿದ ಮಗುವಿನ ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘ಹಬೆಗಂಡಿ’ ಎಂದು ಬರೆದು ನೋಡಿದೆ. ಕಿವಿಗೆ ಹಿತವಾಗಿತ್ತು, ಆದರೆ ಅರ್ಥ ತಪ್ಪು. ಅಲ್ಲಿ ಹಬೆಯೇ ಇಲ್ಲ. ನೀರಿನ ಬಿಸಿ 350 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ, ಎರಡೂವರೆ ಸಾವಿರ ಮೀಟರ್ ಆಳದ ಒತ್ತಡ ಅದನ್ನು ಕುದಿಯಲು ಬಿಡುವುದಿಲ್ಲ. ನೀರು ನೀರಾಗಿಯೇ ಹೊರಗೆ ಬರುತ್ತದೆ. ನೀರಿನ ಸೆಲೆಗೆ ಇರುವ ‘ಊಟೆ’ ನನಗೆ ತುಂಬ ಇಷ್ಟದ ಪದ. ಆದರೆ ಹಿಂದೆ ‘ಬಿಸಿ’ ಸೇರಿಸಿದರೆ ‘ಬಿಸಿಯೂಟೆ’. ಬಹಳ ಮಂದಿ ಅದನ್ನು ‘ಬಿಸಿಯೂಟ’ ಎಂದೇ ಓದಿಕೊಳ್ಳುತ್ತಾರೆ.

ಹಾಗಾಗಿ ‘ಬುಗ್ಗೆ’ಗೆ ಬಂದು ನಿಂತಿದ್ದೇನೆ. ನೆಲದ ಮೇಲಿನದನ್ನು ಬಿಸಿನೀರಿನ ಬುಗ್ಗೆ ಎನ್ನುತ್ತೇವಲ್ಲ, ಇಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ನೀರು ಬಿರುಕುಗಳಲ್ಲಿ ಇಳಿಯುತ್ತದೆ, ಕೆಳಗಿನ ಬಿಸಿ ಬಂಡೆಯಿಂದ ಕಾಯುತ್ತದೆ, ಖನಿಜ ಕರಗಿಸಿಕೊಂಡು ಮೇಲೇಳುತ್ತದೆ. ವೆಂಟ್ ಅಂದರೆ ಕಂಡಿ, ಬುಗ್ಗೆ ಅಂದರೆ ನೀರು ಎಂದು ಯಾರಾದರೂ ಹೇಳಬಹುದು. ಕನ್ನಡದಲ್ಲಿ ಬುಗ್ಗೆ ಅಂದರೆ ಉಕ್ಕುವ ನೀರೂ ಹೌದು, ಅದು ಉಕ್ಕುವ ಜಾಗವೂ ಹೌದು, ಅಲ್ವಾ? ಜೋಡುಪದಕ್ಕೂ ಸಲೀಸು: ಬುಗ್ಗೆ ಸಿಗಡಿ, ಬುಗ್ಗೆ ಏಡಿ. ಇನ್ನೊಂದು ಲಾಭವಿದೆ. ಕಡಲತಳದಲ್ಲಿ ಮೀಥೇನ್ ತಣ್ಣಗೆ, ನಿಧಾನವಾಗಿ ಜಿನುಗುವ ಜಾಗಗಳೂ ಇವೆ. ಇಂಗ್ಲಿಷ್‌ನಲ್ಲಿ ಅವಕ್ಕೆ ಕೋಲ್ಡ್ ಸೀಪ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ‘ಒರತೆ’ ಸಿದ್ಧವಾಗಿಯೇ ಇದೆ. ಉಕ್ಕಿದರೆ ಬುಗ್ಗೆ, ಜಿನುಗಿದರೆ ಒರತೆ.

ಕಪ್ಪು ಹೊಗೆ ಉಗುಳುವಂತೆ ಕಾಣುವ ಬುಗ್ಗೆಗೆ ಇಂಗ್ಲಿಷ್‌ನಲ್ಲಿ ಬ್ಲ್ಯಾಕ್ ಸ್ಮೋಕರ್ ಎನ್ನುತ್ತಾರೆ. ಅದಕ್ಕೆ ‘ಕಪ್ಪು ಹೊಗೆಗೂಡು’ ಎಂದಿದ್ದೇನೆ. ಅಲ್ಲಿ ಕಾಣುವುದು ನಿಜವಾದ ಹೊಗೆಯಲ್ಲ. ಬಿಸಿನೀರು ಸುಮಾರು 2 ಡಿಗ್ರಿಯ ತಣ್ಣೀರಿಗೆ ತಾಗಿದಾಗ ಹುಟ್ಟುವ ಲೋಹ ಮತ್ತು ಗಂಧಕದ ಸಣ್ಣ ಕಣಗಳು. ಆದರೂ ನೋಟ ಹೊಗೆಯದ್ದೇ, ಕಣಗಳು ಕೂಡಿ ಬೆಳೆಯುವ ಕೊಳವೆ ಗೂಡಿನಂತೆಯೇ ಇರುತ್ತದೆ. ಇದು ಇರಲಿ ಅನ್ನಿಸಿತು.

ನಿಜವಾದ ಕಷ್ಟ ಕ್ರಿಯಾಪದದ್ದು. 1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಬಳಿ ಆಲ್ವಿನ್ ಎಂಬ ಮುಳುಗುನೌಕೆಯಲ್ಲಿ ಇಳಿದವರು ಈ ಬುಗ್ಗೆಗಳ ಸುತ್ತ ಜೀವಿಗಳ ಗುಂಪನ್ನೇ ಕಂಡರು. ಕೊಳವೆಹುಳು ಅಲ್ಲಿನದು. ಎರಡು ಮೀಟರ್ ಮೀರಿ ಬೆಳೆಯುತ್ತದೆ. ಬೆಳೆದ ಹುಳುವಿಗೆ ಬಾಯಿಲ್ಲ, ಕರುಳಿಲ್ಲ. ತುದಿಯ ಕೆಂಪು ಕುಚ್ಚಿನಿಂದ ಹೈಡ್ರೋಜನ್ ಸಲ್ಫೈಡ್, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ರಕ್ತದ ಮೂಲಕ ಒಳಗಿನ ಬ್ಯಾಕ್ಟೀರಿಯಾಗಳಿಗೆ ಮುಟ್ಟಿಸುತ್ತದೆ. ಅವು ಬಿಸಿಲಿನ ಹಂಗಿಲ್ಲದೆ, ಸಲ್ಫೈಡ್‌ನಿಂದ ಸಿಗುವ ಶಕ್ತಿಯಲ್ಲೇ ಆಹಾರ ತಯಾರಿಸುತ್ತವೆ. ಇದಕ್ಕೆ ‘ತಿನ್ನುತ್ತದೆ’ ಎಂದು ಹೇಗೆ ಬರೆಯಲಿ? ‘ಉಣ್ಣುತ್ತದೆ’ ಅಂದರೂ ಬಾಯಿ ಬೇಕು. ‘ಆಹಾರ ಪಡೆಯುತ್ತದೆ’ ತಪ್ಪಲ್ಲ, ಆದರೆ ಸಪ್ಪೆ. ಬಂಡೆಗಂಟಿದ ಬ್ಯಾಕ್ಟೀರಿಯಾ ಪದರವನ್ನು ಕೆರೆದು ತಿನ್ನುವ ಬಸವನಹುಳುಗಳಿಗೆ ‘ಮೇಯುತ್ತವೆ’ ಚೆನ್ನಾಗಿ ಹೊಂದುತ್ತದೆ. ಕೊಳವೆಹುಳುವಿಗೆ ಅದೂ ಆಗದು.

ಸದ್ಯಕ್ಕೆ ‘ಸಾಕು’ ಧಾತುವನ್ನು ಹಿಡಿದಿದ್ದೇನೆ: “ಹುಳು ಬ್ಯಾಕ್ಟೀರಿಯಾಗಳನ್ನು ಸಾಕುತ್ತದೆ, ಅವು ಹುಳುವನ್ನು ಸಾಕುತ್ತವೆ.” ಸಾಕುವುದರಲ್ಲಿ ಇರಲು ಜಾಗ ಕೊಡುವುದೂ ಇದೆ, ಹೊಟ್ಟೆಗೆ ಹಾಕುವುದೂ ಇದೆ. ಎರಡು ಕಡೆಗೂ ಒಂದೇ ಪದ ಸಲ್ಲುವುದು ನನಗೆ ಬಹಳ ಹಿಡಿಸಿತು. ಆದರೆ ಎರಡನೇ ಭಾಗ ಓದುವಾಗ ಎಡವಿದಂತಾಗುತ್ತದೆಯೇ? ಸಣ್ಣದು ದೊಡ್ಡದನ್ನು ಸಾಕುವುದು ನಮ್ಮ ಮಾತಿನಲ್ಲಿ ಸಹಜವೇ?

ಹಾಗೇ ಇನ್ನೊಂದು. ಆ ಬ್ಯಾಕ್ಟೀರಿಯಾಗಳು ತುಂಬಿರುವ ಅಂಗದ ಹೆಸರು ಟ್ರೋಫೋಸೋಮ್. ‘ಕಣಜ’ ಎನ್ನೋಣವೆಂದರೆ ಕಣಜದಲ್ಲಿ ಕೂಡಿಡುತ್ತೇವೆ, ಬೆಳೆಯುವುದಿಲ್ಲ. ಇಲ್ಲಿ ಆಹಾರ ತಯಾರಾಗುವುದೇ ಅದರೊಳಗೆ. ಬೇರೆ ಪದ ಹೊಳೆದರೆ ದಯವಿಟ್ಟು ತಿಳಿಸಿ.