ಗುಜರಿಗೆ ಬಂದ ಸೀಸದ ಡಬ್ಬ, ತಮ್ಮನಿಗೆ ವಾಂತಿ. ಏನು ಮಾಡಲಿ?

ಬೈಕಂಪಾಡಿಯ ಅಕ್ಕ:
ನನ್ನ ತಮ್ಮ ಇಲ್ಲೇ ಗುಜರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ನಿನ್ನೆ ಮಧ್ಯಾಹ್ನ ಒಂದು ಸೀಸದ ಡಬ್ಬ ಬಂತಂತೆ. ಗಾತ್ರ ಸುಲಿಯದ ತೆಂಗಿನಕಾಯಿಯಷ್ಟೇ, ಆದರೆ ಎತ್ತಲು ಇಬ್ಬರು ಬೇಕಾಯಿತು. ಮೇಲೆ ಹಳದಿ ಚೀಟಿ, ಅದರಲ್ಲಿ ಮೂರು ರೆಕ್ಕೆಯ ಗುರುತು. ರಾತ್ರಿಯಿಂದ ಅವನಿಗೆ ವಾಂತಿ, ಗಂಜಿಯೂ ನಿಲ್ಲುತ್ತಿಲ್ಲ. ಬಂಗುಡೆ ತಿಂದದ್ದಕ್ಕೆ ಅಂತಾನೆ. ನನಗೆ ತುಂಬಾ ಭಯ ಆಗ್ತಿದೆ.

ಉಡುಪಿಯವ:
ಅಕ್ಕಾ, ಮೊದಲು 112ಕ್ಕೆ ಫೋನ್ ಮಾಡಿ. ಆ ಮೂರು ರೆಕ್ಕೆ ವಿಕಿರಣದ ಗುರುತು, ಡಬ್ಬದ ಹತ್ತಿರ ಯಾರೂ ಹೋಗಬಾರದು. ನಾನು ಹನ್ನೊಂದು ವರ್ಷ ಇರಿಡಿಯಂ-192 ಎಂಬ ವಿಕಿರಣ ವಸ್ತು ಇಟ್ಟು ಪೈಪಿನ ವೆಲ್ಡಿಂಗ್ ಪರೀಕ್ಷೆ ಮಾಡಿದವ. ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜ್ ಇಲ್ಲದೆ ಒಂದು ದಿನವೂ ಆ ಕೆಲಸಕ್ಕೆ ಇಳಿದಿಲ್ಲ. ವಿಕಿರಣಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಹೀಗೇ ಆಯಿತು. ವಿಶ್ವವಿದ್ಯಾಲಯದ ಹಳೆಯ ಯಂತ್ರ ಗುಜರಿಗೆ ಬಂತು, ಒಳಗಿದ್ದದ್ದು ಕೋಬಾಲ್ಟ್-60. ಒಬ್ಬರು ಕಾರ್ಮಿಕರು ತೀರಿಕೊಂಡರು. ಅಂಗಡಿಯವರು ಏನೇ ಹೇಳಲಿ, ಸುಮ್ನೆ ಕೂರಬೇಡಿ.

ನರ್ಸ್, ಮಂಗಳೂರು:
ಬಂಗುಡೆಯೇ ಕಾರಣ ಇರಬಹುದು, ಆದರೂ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಬ್ಬದ ವಿಷಯ ಬಾಗಿಲಲ್ಲೇ ಹೇಳಿ. ಅದು ಗೊತ್ತಿಲ್ಲದಿದ್ದರೆ ಡಾಕ್ಟರು ಹೊಟ್ಟೆ ಕೆಟ್ಟಿದೆ ಅಂದುಕೊಳ್ಳಬಹುದು. ಮೊದಲ ವಾಂತಿ ಎಷ್ಟು ಗಂಟೆಗೆ ಅಂತ ಬರೆದಿಡಿ. ರಕ್ತ ಪರೀಕ್ಷೆ ಒಂದೇ ಸಲ ಸಾಲದು. ವಿಕಿರಣ ಜಾಸ್ತಿ ತಗುಲಿದ್ದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಎರಡು ದಿನದೊಳಗೆ ಇಳಿಯುತ್ತವೆ. ವಾಂತಿ ನಿಂತರೆ ವಾಸಿಯಾಯಿತು ಅಂತ ನಂಬಬೇಡಿ. ರಕ್ತ ತಯಾರಾಗುವ ಮೂಳೆಯ ಮಜ್ಜೆಗೆ ಪೆಟ್ಟು ಬಿದ್ದಿದ್ದರೆ ಕೆಲವು ವಾರ ಬಿಟ್ಟು ಜ್ವರ, ರಕ್ತಸ್ರಾವ ಶುರುವಾಗುತ್ತದೆ.

ಬೈಕಂಪಾಡಿಯ ಅಕ್ಕ:
ಫೋನ್ ಮಾಡಿದೆ, ಆಟೋದಲ್ಲಿದ್ದೇವೆ. ಮುಚ್ಚಳ ತೆಗೆದಿಲ್ಲ, ಒಂದು ಬೋಲ್ಟ್ ಮಾತ್ರ ಬಿಚ್ಚಿದ್ದಂತೆ. ಜೊತೆಗೆ ಎತ್ತಿದ ಹುಡುಗನನ್ನೂ ಕರೆದುಕೊಂಡು ಬಂದಿದ್ದೇನೆ.