ಒಬ್ಬರೇ ಇರುವ ಕಡೆ ರಾತ್ರಿ ಗುರುತಿಲ್ಲದವರು ಬಂದರೆ ಬಾಗಿಲು ತೆಗೀತೀರಾ?

ಗುಡ್ಡದ ಬುಡ (ಗಂಗಾವತಿ ತಾಲ್ಲೂಕು) ಕೇಳಿದ್ದು:

ನನಗೀಗ 57. ಹಿರೇಬೆಣಕಲ್ ಗುಡ್ಡದ ಹಿಂಬದಿಗೆ ಮೂರು ಎಕರೆ ಒಣಭೂಮಿ ಇದೆ. ಗಂಗಾವತಿ ಅಂದರೆ ಎಲ್ಲರಿಗೂ ಭತ್ತವೇ ಕಣ್ಣಿಗೆ ಬರುತ್ತದೆ. ಕಾಲುವೆ ನೀರು ಹತ್ತದ ನಮ್ಮ ಕಡೆ ಬಂದು ನೋಡಿ, ಬರೀ ಬಂಡೆ, ಕಾರೆ ಕಂಟಿ, ಸೀತಾಫಲ. ಹೆಂಡತಿ ತೀರಿಕೊಂಡ ಮೇಲೆ ಊರ ಮನೆ ಮಗನಿಗೆ ಬಿಟ್ಟು ಇಲ್ಲಿ ತಗಡಿನ ಶೆಡ್ ಹಾಕಿಕೊಂಡೆ. ಆರು ವರ್ಷ ಆಯಿತು. ನಾಲ್ಕು ಆಡು, ಒಂದು ನಾಯಿ. ವಾರಕ್ಕೊಮ್ಮೆ ಸಂತೆ. ಶೆಡ್‌ನಲ್ಲಿ ಸಿಗ್ನಲ್ ಇಲ್ಲ. ಇದನ್ನು ಬರೆಯಲು ಬಂಡೆ ಹತ್ತಿ ಕೂತಿದ್ದೇನೆ, ಆದ್ದರಿಂದ ಉತ್ತರ ತಡವಾದರೆ ಬೇಜಾರಾಗಬೇಡಿ.

ಹೋದ ಅಮಾವಾಸ್ಯೆ ಹಿಂದಿನ ದಿನದ ಮಾತು. ಹೊತ್ತು ಮುಳುಗುವ ಮುಂಚೆ ಗುಡ್ಡದ ಮೇಲಿಂದ ಸದ್ದು ಕೇಳಿಸಿತು. ಢಂ, ಢಂ. ಸ್ವಲ್ಪ ತಡೆದು ಮತ್ತೆ ಢಂ.

ಮೇಲೆ ಮೋರೇರ ಮನೆಗಳಿವೆ. ನೋಡದವರಿಗೆ ಹೇಳುತ್ತೇನೆ. ಚಪ್ಪಡಿ ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಗೂಡುಗಳು, ಸುಮಾರು 400 ಇವೆ. ಕೆಲವದರ ಗೋಡೆಗೆ ದುಂಡನೆ ಕಿಂಡಿ ಕೊರೆದಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಓದಿದವರು ಸಮಾಧಿ ಅನ್ನುತ್ತಾರೆ. ನಮ್ಮಜ್ಜಿ ಮಾತ್ರ ಅಲ್ಲಿ ಕುಳ್ಳರು ಸಂಸಾರ ಮಾಡುತ್ತಿದ್ದರು ಅಂತಲೇ ಸತ್ತಳು. 2021ರಲ್ಲಿ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೆ ಸೇರಿದವು. ನೋಡಲು ಬರುವವರ ಮಾತು ಬಿಡಿ. ನಿಧಿ ಇದೆ ಅಂತ ರಾತ್ರಿ ಅಗೆಯಲು ಬರುವವರ ಕಾಟ ಹಳೆಯದು. ಢಂ ಅಂತ ಕೇಳಿದ ಕೂಡಲೇ ನನ್ನ ತಲೆಗೆ ಬಂದದ್ದು ಅದೇ, ಹಾರೆ ಹಾಕುತ್ತಿದ್ದಾರೆ ಅಂತ.

ರಾತ್ರಿ ಒಂಬತ್ತರ ಮೇಲೆ ನಾಯಿ ಬೊಗಳಿತು. ನಮ್ಮ ನಾಯಿ ಕರಡಿ ಬಂದರೆ ಹಿಂದೆ ಹಿಂದೆ ಸರಿಯುತ್ತಾ ಬೊಗಳುತ್ತದೆ. ಚಿರತೆ ಬಂದರೆ ಬೊಗಳುವುದೇ ಇಲ್ಲ, ಬಾಗಿಲು ಕೆರೆದು ಒಳಗೆ ಬಂದು ಮಂಚದ ಕೆಳಗೆ ಸೇರುತ್ತದೆ. ಮನುಷ್ಯರು ಬಂದರೆ ಎದುರಿಗೆ ಹೋಗುತ್ತದೆ. ಅವತ್ತು ಎದುರಿಗೆ ಹೋಯಿತು.

ಕಿಟಕಿಯಿಂದ ಬ್ಯಾಟರಿ ಬಿಟ್ಟೆ. ಇಪ್ಪತ್ತು ಮಾರು ದೂರದಲ್ಲಿ ಒಬ್ಬ ನಿಂತಿದ್ದ. ಮೂವತ್ತು ಮೂವತ್ತೈದು ವಯಸ್ಸಿರಬಹುದು. ಹೆಗಲಿಗೆ ಗಂಟು. ಗಂಟಿನಿಂದ ಮರದ ಹಿಡಿಯೊಂದು ಹೊರಗೆ ಇಣುಕಿತ್ತು. ಗುದ್ದಲಿ ಹಿಡಿ ಅಂದುಕೊಂಡೆ.

"ಯಣ್ಣಾ, ನೀರ್ ಕೊಡ್ರಿ" ಅಂದ.

ಯಾರು ನೀನು ಅಂತ ಕೇಳೋಣ ಅಂತ ಬಾಯಿ ತೆರೆದೆ. ಮಾತು ಬರಲಿಲ್ಲ. ನಾಲ್ಕು ದಿನದಿಂದ ನಾಯಿಗೆ "ಹಚಾ" ಅಂದದ್ದು ಬಿಟ್ಟರೆ ಯಾರ ಜೊತೆಗೂ ಮಾತಾಡಿರಲಿಲ್ಲ. ಗಂಟಲಿಂದ ಗರ್ ಅಂತ ಏನೋ ಬಂತು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಈಗ ನೆನೆದರೆ ನಗು ಬರುತ್ತದೆ. ಆಗ ಬರಲಿಲ್ಲ.

ಬಾಗಿಲು ತೆಗೆಯಲಿಲ್ಲ. ಕಿಟಕಿ ಸರಳಿನ ಸಂದಿಯಿಂದ ಚೆಂಬು ದಾಟಿಸಿದೆ. ಮೂರು ಚೆಂಬು ಕುಡಿದ. ಎರಡು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ, ಅದೂ ಕಿಟಕಿಯಿಂದಲೇ. ಗುಡ್ಡ ಇಳಿಯುವಾಗ ದಾರಿ ತಪ್ಪಿತು, ಫೋನ್ ಸತ್ತಿದೆ, ಈ ದೀಪ ನೋಡಿ ಬಂದೆ ಅಂದ. "ಆ ಹಾಸುಗಲ್ಲ ಮೇಲೆ ಮಲಕೋ, ಮುಂಜಾನೆ ಮಾತಾಡೋಣ" ಅಂದೆ. "ಆತ್ರಿ" ಅಂದ, ಅಷ್ಟೇ. ನಾನು ರಾತ್ರಿಯೆಲ್ಲ ಕೊಡಲಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದೆ. ಆ ಸೆಕೆಯಲ್ಲಿ ಬಾಗಿಲು ಹಾಕಿ, ಆಡಿನ ವಾಸನೆಯಲ್ಲಿ.

ಬೆಳಿಗ್ಗೆ ಹೊರಗೆ ಬಂದರೆ ಬೂದಿ ಹಚ್ಚಿ ಚೆಂಬು ತಿಕ್ಕುತ್ತಿದ್ದ. ಗಂಟಿನಲ್ಲಿದ್ದದ್ದು ಗುದ್ದಲಿ ಅಲ್ಲ, ಮರದ ಕೊಡತಿ. ಹಲಗೆ ಬಾರಿಸುವವನಂತೆ, ಕುಷ್ಟಗಿ ಕಡೆಯವನು. ಗುಡ್ಡದ ಮೇಲೆ ದೊಡ್ಡ ಬಂಡೆಯ ನೆತ್ತಿಗೆ ನಗಾರಿ ಥರದ ಕಲ್ಲೊಂದಿದೆ. ಮರದ ಸುತ್ತಿಗೆಯಲ್ಲಿ ಹೊಡೆದರೆ ಒಂದು ಕಿಲೋಮೀಟರ್ ಆಚೆಗೂ ಕೇಳಿಸುತ್ತದೆ. ಅವನ ಅಜ್ಜ ಅದರ ಬಗ್ಗೆ ಹೇಳುತ್ತಿದ್ದನಂತೆ. ಒಮ್ಮೆ ಬಾರಿಸಿ ನೋಡಬೇಕು ಅಂತ ಬಂದವನು, ಬಾರಿಸುತ್ತಾ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಅಂದ.

ಚಹಾ ಕಾಸುತ್ತೇನೆ ಅಂದೆ. ಬಸ್ಸಿಗೆ ಹೊತ್ತಾಯಿತು ಅಂತ ಹೊರಟ. ಬಾಗಿಲು ಯಾಕೆ ತೆಗೆಯಲಿಲ್ಲ ಅಂತ ಕೇಳಲಿಲ್ಲ. "ನಾಯಿ ಭಾಳ ಚಲೋ ಐತ್ರಿ" ಅಂದು ಹೋದ. ರಾತ್ರಿಯಿಡೀ ನಾಯಿ ಅವನ ಕಾಲ ಬಳಿಯೇ ಮಲಗಿತ್ತು.

ಅದೇ ತಲೆಯಲ್ಲಿ ಕೊರೆಯುತ್ತಿದೆ. ಹೋದ ವರ್ಷ ಚಿರತೆ ಒಂದು ಆಡು ಒಯ್ದಿದ್ದಕ್ಕೆ ನಾನು ಆಡುಗಳನ್ನು ಒಳಗೆ ಕಟ್ಟುತ್ತೇನೆ. ಅಂಥ ಜಾಗದಲ್ಲಿ ಆಡು ಒಳಗೆ, ಮನುಷ್ಯ ಹೊರಗೆ. ಒಬ್ಬರೇ ಇರುವವರು ಇಲ್ಲಿ ಯಾರಾದರೂ ಇದ್ದರೆ ಹೇಳಿ. ನೀವೇನು ಮಾಡುತ್ತೀರಿ?

ಹಳೇ ವಾಚ್‌ಮನ್, ಸಂಡೂರು:

ನಾನು ಗಣಿ ವಾಚ್‌ಮನ್ ಆಗಿದ್ದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತಲ್ಲ, ಆಗ ಲಾರಿ ಹೋದವು, ಜನ ಹೋದರು, ನಾನೊಬ್ಬ ಉಳಿದೆ. ಗುಡ್ಡದ ಮೇಲೆ ತಗಡಿನ ರೂಮು, ಕೆಂಪು ಧೂಳು. ಅಷ್ಟು ವರ್ಷ ಲಾರಿ ಸದ್ದಿನಲ್ಲಿ ನಿದ್ದೆ ಮಾಡಿದವನಿಗೆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಒಂದು ರಾತ್ರಿ ಒಬ್ಬ ಬಂದ. ಜನರೇಟರ್ ಬ್ಯಾಟರಿಗೆ ಬಂದವನು ಅಂತ ನೋಡಿದ ಕೂಡಲೇ ಗೊತ್ತಾಯಿತು, ಕೈಯಲ್ಲಿ ಸ್ಪ್ಯಾನರ್ ಇತ್ತು. ನಾನೂ ಏನೂ ಕೇಳಲಿಲ್ಲ. ಚಹಾ ಇಟ್ಟೆ. ಕೂತು ಕುಡಿದ. ಮಳೆ ಬಗ್ಗೆ ಮಾತಾಡಿದೆವು, ಅವನ ಮಗಳ ಮದುವೆ ಬಗ್ಗೆ ಮಾತಾಡಿದೆವು. ಬೆಳಗಿನ ಜಾವ ಎದ್ದು ಹೋದ. ಚಹಾ ಕುಡಿದವನು ಬ್ಯಾಟರಿ ಒಯ್ಯಲಿಲ್ಲ. ಮುಂದಿನ ವಾರ ಬೇರೆ ಯಾವನೋ ಒಯ್ದ. ಸಂಬಳದಲ್ಲಿ ಹಿಡಿದರು.

ಹಾಗಾಗಿ ಬಾಗಿಲು ತೆಗೆಯಿರಿ ಅಂತ ನಾನು ಧೈರ್ಯವಾಗಿ ಹೇಳಲಾರೆ. ಆದರೆ ರಾತ್ರಿ ಕೊಡಲಿ ಹಿಡಿದು ಕೂತಿರುವುದಕ್ಕಿಂತ ಅವನ ಜೊತೆ ಮಾತಾಡುತ್ತಾ ಕೂತಿದ್ದರೆ ನಿಮಗೇ ಹಗುರ ಆಗುತ್ತಿತ್ತು. ಹೇಗೂ ನಿದ್ದೆ ಮಾಡಲಿಲ್ಲವಲ್ಲ.

ಮಾನ್ವಿಯವಳು:

ಗಂಡಸರಿಗೆ ಇದೊಂದು ದೊಡ್ಡ ವಿಚಾರ ಆಗಿಬಿಟ್ಟಿದೆ ಅಲ್ವಾ? ನಮಗೆ ಇಲ್ಲಿ ಪ್ರಶ್ನೆಯೇ ಇಲ್ಲ. ತೆಗೆಯಬಾರದು.

ನಮ್ಮವ್ವ ಹತ್ತಿ ಬಿಡಿಸುವ ಕಾಲದಲ್ಲಿ ಹೊಲದ ಗುಡಿಸಲಲ್ಲಿ ಒಬ್ಬಳೇ ಮಲಗುತ್ತಾಳೆ, ಎಷ್ಟು ಬೇಡ ಅಂದರೂ ಕೇಳುವುದಿಲ್ಲ. ಅವಳದೊಂದು ಉಪಾಯ ಇದೆ. ಖಾಲಿ ಮಂಚಕ್ಕೆ ಕೌದಿ ಹೊದಿಸಿ ಇಡುತ್ತಾಳೆ. ಹೊರಗೆ ಯಾರದಾದರೂ ಸದ್ದಾದರೆ "ಏ ತಮ್ಮಾ, ಏಳೋ, ಯಾರೋ ಬಂದಾರ ನೋಡು" ಅಂತ ಮಂಚಕ್ಕೆ ಕೂಗುತ್ತಾಳೆ. ಆಮೇಲೆ ತಾನೇ ಗಂಡು ದನಿಯಲ್ಲಿ ಕೆಮ್ಮುತ್ತಾಳೆ! ಒಮ್ಮೆ ನಾನೇ ಹೇಳದೆ ಹೋಗಿದ್ದೆ. ಆ ಕೆಮ್ಮು ಕೇಳಿ ಹೊರಗೇ ನಿಂತುಬಿಟ್ಟೆ. ಇದ್ಯಾರು ತಮ್ಮ ಅಂತ.

ನೀವು ನೀರು ಕೊಟ್ಟಿರಿ, ರೊಟ್ಟಿ ಕೊಟ್ಟಿರಿ. ಅಷ್ಟು ಸಾಕು. ಅವನು ಒಳ್ಳೆಯವನು ಅಂತ ಬೆಳಿಗ್ಗೆ ತಾನೆ ಗೊತ್ತಾಗಿದ್ದು. ಬೆಳಗಿನ ಬುದ್ಧಿ ಇಟ್ಟುಕೊಂಡು ರಾತ್ರಿಯನ್ನು ಬೈಯಬೇಡಿ.

ಟೆಕ್ ಮಂಜ:

ಸೋಲಾರ್ ಸಿಸಿ ಕ್ಯಾಮೆರಾ ಹಾಕಿಸಿ ಅಂಕಲ್. ಮೊಬೈಲ್‌ನಲ್ಲೇ ಕಾಣುತ್ತೆ.

ಗುಡ್ಡದ ಬುಡ:

ಮೊಬೈಲ್‌ನಲ್ಲಿ ನೋಡಲು ಬಂಡೆ ಹತ್ತಬೇಕು ತಮ್ಮಾ. ಅಷ್ಟರಲ್ಲಿ ಅವರೇ ಬಂದು ಕದ ತಟ್ಟಿರುತ್ತಾರೆ.

ಕುರಿಗಾರರ ಮಗ, ಕನಕಗಿರಿ:

ನಮ್ಮಪ್ಪ, ದೊಡ್ಡಪ್ಪ ವರ್ಷದಲ್ಲಿ ಏಳೆಂಟು ತಿಂಗಳು ಕುರಿ ಹಿಂದೆ ಊರೂರು ತಿರುಗಿದವರು. ರಾತ್ರಿ ಗುರುತಿಲ್ಲದ ಹೊಲಕ್ಕೆ ಹೋಗುವವರು ನಾವೇ. ಅಂದರೆ ನಿಮ್ಮ ಕಥೆಯಲ್ಲಿ ಹೊರಗೆ ನಿಂತವರು.

ಅದಕ್ಕೊಂದು ರೀತಿ ಇದೆ. ದೂರದಿಂದಲೇ ಕೂಗು ಹಾಕಬೇಕು, ಸುಮ್ನೆ ಬಂದು ಕಿಟಕಿ ಹತ್ತಿರ ನಿಲ್ಲಬಾರದು. ಕೈ ಕಾಣುವ ಹಾಗೆ ಇರಬೇಕು. ಕೇಳುವುದಾದರೆ ಮೊದಲು ನೀರು ಕೇಳಬೇಕು, ಜಾಗ ಕೇಳಬಾರದು. ಜಾಗ ಅವರಾಗಿ ತೋರಿಸಬೇಕು. ನಿಮ್ಮವನು ಇದೆಲ್ಲ ಸರಿಯಾಗಿಯೇ ಮಾಡಿದ್ದಾನೆ. ಕೊಡತಿ ಮಾತ್ರ ಗಂಟಿನಿಂದ ತೆಗೆದು ಕೆಳಗಿಡಬೇಕಿತ್ತು. ಹಲಗೆಯವನಿಗೆ ಅದು ಹೊಳೆಯಲಿಲ್ಲ.

ಹೊರಗೆ ಮಲಗಿಸಿದ್ದಕ್ಕೆ ಅವನಿಗೆ ಬೇಜಾರಾಗಿರುತ್ತದೆ ಅಂತ ನನಗನಿಸುವುದಿಲ್ಲ. ನಾವು ಯಾವತ್ತೂ ಒಳಗೆ ಮಲಗಿದವರಲ್ಲ. ಬೇಜಾರಾಗಿದ್ದರೆ ಬೇರೆ ಕಾರಣಕ್ಕೆ ಆಗಿರಬಹುದು. ನೀವು ಹೆಸರು ಕೇಳಲಿಲ್ಲ. ನಿಮ್ಮ ಬರಹದಲ್ಲೂ ಅವನಿಗೆ ಹೆಸರಿಲ್ಲ, ಗಮನಿಸಿದಿರಾ?

ಇನ್ನು ಕರಡಿ ವಿಚಾರ. ಕರಡಿಗೆ ಕಣ್ಣು, ಕಿವಿ ಎರಡೂ ಮಂದ, ಮೂಗು ಚುರುಕು. ಅದು ಬೇಟೆಯಾಡಲು ಬರುವ ಪ್ರಾಣಿ ಅಲ್ಲ. ಗೆದ್ದಲು, ಜೇನು, ಕಾರೆ ಹಣ್ಣು, ಬಾರಿ ಹಣ್ಣು ಹುಡುಕುತ್ತಾ ಬರುತ್ತದೆ. ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲದ ಪಾಕ ಸವರುತ್ತಾರೆ, ಅದನ್ನು ನೆಕ್ಕಲು ಮಧ್ಯಾಹ್ನವೇ ಇಳಿದು ಬರುತ್ತವೆ. ತೀರಾ ಹತ್ತಿರ ಹೋಗುವ ತನಕ ಮನುಷ್ಯ ಬಂದದ್ದು ಅದಕ್ಕೆ ತಿಳಿಯುವುದಿಲ್ಲ. ಥಟ್ಟನೆ ಎದುರಾದರೆ ಬೆದರಿ ಮೈಮೇಲೆ ಬೀಳುತ್ತದೆ. ಅದಕ್ಕೇ ನಮ್ಮಪ್ಪ ಕತ್ತಲಲ್ಲಿ ನಡೆಯುವಾಗ ಒಬ್ಬನೇ ಇದ್ದರೂ ಜೋರಾಗಿ ಮಾತಾಡಿಕೊಂಡು ನಡೆಯುತ್ತಿದ್ದ. ನೀವು ನಾಲ್ಕು ದಿನ ಬಾಯಿ ಕಟ್ಟಿಕೊಂಡು ಇರುತ್ತೀರಲ್ಲ, ಅದು ನನಗೆ ಬಾಗಿಲಿಗಿಂತ ದೊಡ್ಡ ಅಪಾಯವಾಗಿ ಕಾಣುತ್ತದೆ.

ಒಂದು ಕೆಲಸ ಮಾಡಿ. ಶೆಡ್ಡಿನ ಗೋಡೆಗೆ ಹತ್ತಿಸಿ ಹೊರಗಡೆ ಒಂದು ದಡ್ಡಿ ಹಾಕಿ. ಬಳ್ಳಾರಿ ಜಾಲಿ ಕಡಿದು ಸುತ್ತ ಮುಳ್ಳು ಒತ್ತಿ. ಮೇಲೂ ಮುಳ್ಳು ಹೊದಿಸಿ, ಬರೀ ಬೇಲಿ ಆದರೆ ಚಿರತೆ ಹಾರುತ್ತದೆ. ಒಳಗೊಂದು ಮಂಚ, ಒಂದು ಬಿಂದಿಗೆ ನೀರು. ಬಂದವರು ನಿಮ್ಮ ಮನೆಯೊಳಗೂ ಅಲ್ಲ, ಬಯಲಲ್ಲೂ ಅಲ್ಲ. ನೀವೂ ಬಾಗಿಲು ಹಾಕಿಕೊಂಡೇ ಗೋಡೆ ಆಚೆಯಿಂದ ಮಾತಾಡಬಹುದು.

ಬಳ್ಳಾರಿ ಬಿಸಿಲು:

ನಿಧಿಗಳ್ಳರೇ ಬಂದರೆ ನೀವು ಕೊಡಲಿ ಹಿಡಿದು ಹೋಗಬೇಡಿ. ಬಂಡೆ ಹತ್ತಿ 112ಕ್ಕೆ ಫೋನ್ ಮಾಡಿ. ಕರಡಿ, ಚಿರತೆ ತೊಂದರೆಗೆ ಅರಣ್ಯ ಇಲಾಖೆಯ 1926 ಇದೆ. ನಿಧಿಗೆ ಕರ್ನಾಟಕದ್ದೇ 1962ರ ಕಾನೂನು ಇದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಅಪರಾಧ.

ಗುಡ್ಡದ ಬುಡ:

ಹತ್ತು ದಿನ ಬಂಡೆ ಹತ್ತಲಿಲ್ಲ, ಕ್ಷಮಿಸಿ. ಎಲ್ಲ ಓದಿದೆ.

ಮಾನ್ವಿಯ ತಂಗಿ, ನಿಮ್ಮವ್ವನಿಗೆ ನಮಸ್ಕಾರ ಹೇಳಿ. ಕೆಮ್ಮು ನನಗೂ ಚೆನ್ನಾಗಿ ಬರುತ್ತದೆ, ಮಾತೇ ಬರದಿದ್ದದ್ದು.

ವಾಚ್‌ಮನ್ ಅವರೇ, ನೀವು ಹೇಳಿದ್ದು ನಿಜ. ಆ ರಾತ್ರಿ ಅವನೂ ನಿದ್ದೆ ಮಾಡಿರಲಿಲ್ಲ ಅನಿಸುತ್ತದೆ. ಎರಡು ಮೂರು ಸಲ ಅವನು ಹಾಸುಗಲ್ಲ ಮೇಲೆ ಬೆರಳಲ್ಲಿ ತಾಳ ಹಾಕುವುದು ಕೇಳಿಸಿತ್ತು. ನಾನು ಅದನ್ನೂ ಏನೋ ಸಂಜ್ಞೆ ಮಾಡುತ್ತಿದ್ದಾನೆ, ಗುಡ್ಡದಲ್ಲಿ ಜೊತೆಗಾರರು ಇದ್ದಾರೆ ಅಂದುಕೊಂಡಿದ್ದೆ. ಮೊದಲು ಇದನ್ನು ಬರೆಯಲು ನಾಚಿಕೆ ಆಯಿತು.

ಕನಕಗಿರಿಯವರೇ, ಹೆಸರು ಕೇಳಲಿಲ್ಲ, ಹೌದು. ಹೋದ ಸಂತೆಯಲ್ಲಿ ಕುಷ್ಟಗಿ ಕಡೆಯ ಒಬ್ಬ ಬಳೆಗಾರನ ಹತ್ತಿರ ಹಲಗೆ ಬಾರಿಸುವವನು ಅಂತ ವಿಚಾರಿಸಿದೆ. "ಯಾವ ಊರು, ಯಾರ ಮಗ" ಅಂದ. ಏನು ಹೇಳಲಿ? ನಮ್ಮ ನಾಯಿಯನ್ನು ಹೊಗಳಿದವನು ಅಂದೆ. ನಕ್ಕುಬಿಟ್ಟ.

ದಡ್ಡಿ ಹಾಕಿದೆ. ಜಾಲಿ ಕಡಿಯಲು ಮೂರು ದಿನ ಹಿಡಿಯಿತು. ಹೆಬ್ಬೆರಳಿಗೆ ಮುರಿದ ಮುಳ್ಳು ಇನ್ನೂ ಒಳಗೇ ಇದೆ, ಎಕ್ಕೆ ಹಾಲು ಹಚ್ಚಿದ್ದೇನೆ. ಹೊರಗೆ ದೀಪ ಇಡೋಣ ಅಂತ ಒಂದು ರಾತ್ರಿ ಇಟ್ಟೆ. ಅವತ್ತೇ ಮೊದಲ ಮಳೆ ಬಿತ್ತು. ರೆಕ್ಕೆ ಗೆದ್ದಲು ಮುತ್ತಿದವು, ಅವನ್ನು ತಿನ್ನಲು ಕಪ್ಪೆ ಬಂದವು, ಕಪ್ಪೆ ಹಿಂದೆ ಹಾವು ಬಂತು. ದೀಪ ಒಳಗೆ ತಂದೆ. ಕಿಟಕಿಯಿಂದ ಕಾಣುವಷ್ಟು ಸಾಕು.

ಮಂಚ ಹಾಕಿದ್ದೇನೆ. ಬಿಂದಿಗೆ ಇಟ್ಟಿದ್ದೇನೆ. ಇನ್ನೂ ಯಾರೂ ಬಂದಿಲ್ಲ. ಸದ್ಯಕ್ಕೆ ನಾಯಿ ಮಲಗುತ್ತಿದೆ.