ಹ್ಯಾಲೋವೀನ್‌ಗೆ ಯುನಿಸೆಫ್ ಡಬ್ಬಿ ಹಿಡ್ಕೊಂಡು ಹೋಗೋದು, ಯಾರಾದ್ರೂ ಮಾಡಿದೀರಾ?

ನ್ಯೂಜೆರ್ಸಿ ಅಮ್ಮ:
ಮಗಳ ಸ್ಕೂಲಿಂದ ಕಿತ್ತಳೆ ಬಣ್ಣದ ರಟ್ಟಿನ ಡಬ್ಬಿ ಬಂದಿದೆ, ಹ್ಯಾಲೋವೀನ್ ರಾತ್ರಿ ಮನೆಮನೆಗೆ ಹೋಗಿ ಕ್ಯಾಂಡಿ ಕೇಳೋವಾಗ ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್‌ಗೋಸ್ಕರ ದುಡ್ಡೂ ಕೇಳ್ಬೇಕಂತೆ. ನಮ್ಮವ್ರು ಮನೆಮನೆಗೆ ಹೋಗಿ ಕೈಚಾಚೋದಾ ಅಂತ ಮುಖ ಸಿಂಡರಿಸ್ತಿದಾರೆ. ಇದು ನಿಜವಾದ್ದೇನಾ?

ಫಿಲಿ ಕನ್ನಡಿಗ:
ನಿಜವಾದ್ದೇ ರೀ, ಹಳೇದು. 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಆಲಿಸನ್ ಅನ್ನೋ ಪಾದ್ರಿ ದಂಪತಿ ಶುರು ಮಾಡಿದ್ದು, ಆಗ ಖಾಲಿ ಹಾಲಿನ ಡಬ್ಬಿಗೆ ಅಲಂಕಾರ ಮಾಡ್ಕೊಂಡು ಹೋಗಿದ್ರಂತೆ ಮಕ್ಕಳು, ಮೊದಲ ಸಲ ಸಿಕ್ಕಿದ್ದು ಬರೀ 17 ಡಾಲರ್. 1967ರಲ್ಲಿ ಪ್ರೆಸಿಡೆಂಟ್ ಜಾನ್ಸನ್ ಅಕ್ಟೋಬರ್ 31ನ್ನ ಯುನಿಸೆಫ್ ದಿನ ಅಂತಾನೇ ಘೋಷಿಸಿದ್ರು. ಕೈಚಾಚೋ ಮಾತಿಗೆ ಬಂದ್ರೆ, ಊರಲ್ಲಿ ಗಣಪತಿ ಚಂದಾ ಎತ್ತೋವಾಗ ಯಜಮಾನ್ರಿಗೆ ನಾಚಿಕೆ ಆಗ್ತಿರ್ಲಿಲ್ವಾ? 😄

ಟೊರೊಂಟೊ ಮಾವ:
ಕೆನಡಾದಲ್ಲಿ 2006ರಲ್ಲೇ ಡಬ್ಬಿ ನಿಲ್ಲಿಸಿಬಿಟ್ರು, ರಾಶಿ ರಾಶಿ ಚಿಲ್ಲರೆ ಎಣಿಸಿ ಸಾಗಿಸೋದೇ ತಲೆನೋವು. ಆ ಸೆಂಟ್‌ಗಳ ಭಾರಕ್ಕೆ ರಟ್ಟಿನ ತಳ ಕಿತ್ತೋಗತ್ತೆ, ಡಬ್ಬಿ ಕೆಳಗಡೆ ಟೇಪ್ ಹಾಕ್ಕೊಡಿ.

ಫಿಲಿ ಕನ್ನಡಿಗ:
ಈಗ ಯಾರ ಜೇಬಲ್ಲೂ ಚಿಲ್ಲರೆ ಇರಲ್ಲ ಬಿಡಿ, ಯುನಿಸೆಫ್‌ಗೆ ದುಡ್ಡು ಕೊಡೋ ಆನ್‌ಲೈನ್ ಪೇಜ್ ಲಿಂಕ್ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಹಾಕಿ, ಡಬ್ಬಿ ಮಗೂ ಖುಷಿಗೆ ಇರ್ಲಿ. ಆದ್ರೆ ಗುರುತಿಲ್ಲದವ್ರ ಬಾಗಿಲಿಗೆ ಒಬ್ಬಳನ್ನೇ ಕಳಿಸ್ಬೇಡಿ.

ನ್ಯೂಜೆರ್ಸಿ ಅಮ್ಮ:
ಚಂದಾ ಮಾತು ಓದಿ ನಕ್ಕು ಒಪ್ಕೊಂಡ್ರು, ಅವ್ರೇ ಜೊತೆಗೆ ಹೋಗ್ತಾರಂತೆ, ಟೇಪ್ ಹುಡುಕ್ತಿದಾರೆ.